ಅಣಕಿಸಲು ಸರಕೇ ಇಲ್ಲದಾಗ: ‘ಸ್ಕೇರಿ ಮೂವಿ 2’ ಎಲ್ಲಿ ಎಡವಿತು, ಡಿವಿಡಿ ಅದನ್ನು ಹೇಗೆ ಉಳಿಸಿತು

2000ದ ಜುಲೈನಲ್ಲಿ, ಹಾರರ್ ಸಿನಿಮಾಗಳನ್ನು ಅಣಕಿಸುವ ಹಾಲಿವುಡ್‌ನ ‘ಸ್ಕೇರಿ ಮೂವಿ’ ತೆರೆಗೆ ಬಂದಾಗ ಅದರ ಪ್ರಚಾರದಲ್ಲಿ ಮೂರು ಮಾತಿತ್ತು. ಕರುಣೆ ಇಲ್ಲ, ನಾಚಿಕೆ ಇಲ್ಲ, ಎರಡನೇ ಭಾಗ ಇಲ್ಲ. ವರ್ಷ ತುಂಬುವ ಮೊದಲೇ, 2001ರ ಜುಲೈ 4ರಂದು, ಎರಡನೇ ಭಾಗ ಬಂದೇಬಿಟ್ಟಿತು. ‘ನಾವು ಸುಳ್ಳು ಹೇಳಿದ್ವಿ’ ಅಂತ ಜಾಹೀರಾತಿನಲ್ಲೇ ಒಪ್ಪಿಕೊಂಡರು. ಆ ಸಿನಿಮಾದ ಅತಿ ಒಳ್ಳೆಯ ಜೋಕ್‌ಗಳಲ್ಲಿ ಅದೂ ಒಂದು. ಬೇಸರದ ಸಂಗತಿ ಎಂದರೆ ಅದು ಇದ್ದದ್ದು ಸಿನಿಮಾದ ಹೊರಗೆ.

ಲೆಕ್ಕ ನೋಡಿದರೆ ಎಡವಿದ್ದು ಎದ್ದು ಕಾಣುತ್ತದೆ. ಮೊದಲ ಭಾಗಕ್ಕೆ ಹಾಕಿದ್ದು ಸುಮಾರು 1.9 ಕೋಟಿ ಡಾಲರ್. ಜಗತ್ತಿನಾದ್ಯಂತ ಬಂದದ್ದು ಸುಮಾರು 27.8 ಕೋಟಿ ಡಾಲರ್. ಎರಡನೆಯದಕ್ಕೆ ಸುಮಾರು 4.5 ಕೋಟಿ ಸುರಿದರು. ಬಂದದ್ದು 14 ಕೋಟಿ ಚಿಲ್ಲರೆ. ಖರ್ಚು ಎರಡು ಪಟ್ಟಿಗಿಂತ ಜಾಸ್ತಿ, ಗಳಿಕೆ ಅರ್ಧ. ವಿಮರ್ಶಕರಂತೂ ಕೈಗೆ ಸಿಕ್ಕಿದ್ದರಲ್ಲಿ ಹೊಡೆದರು.

ಇಪ್ಪತ್ತೈದು ವರ್ಷದ ಹಳೆಯ ಕಥೆ ಈಗ ಯಾಕೆ ಅಂತ ಕೇಳಬಹುದು. ಮೊದಲೆರಡು ಭಾಗ ಮಾಡಿದ ವೇಯನ್ಸ್ ಸಹೋದರರು, ಅಂದರೆ ಕೀನನ್ ಐವರಿ, ಶಾನ್ ಮತ್ತು ಮರ್ಲಾನ್, ಈ ಸರಣಿಗೆ ಮರಳುವುದಾಗಿ 2024ರಲ್ಲಿ ಹೇಳಿದರು. ಹೊಸ ಸಿನಿಮಾವನ್ನು 2026ರ ಜೂನ್‌ಗೆ ನಿಗದಿ ಮಾಡಲಾಯಿತು. ನಟಿಯರಾದ ಆನಾ ಫ್ಯಾರಿಸ್, ರೆಜಿನಾ ಹಾಲ್ ಕೂಡ ವಾಪಸ್. 2025ರಲ್ಲಿ ಲಿಯಾಮ್ ನೀಸನ್ ನಟಿಸಿದ ಹೊಸ ‘ನೇಕೆಡ್ ಗನ್’ ಬಂದು ಸುಮಾರು 10 ಕೋಟಿ ಡಾಲರ್ ಗಳಿಸಿತು. ಸತ್ತೇ ಹೋಯಿತು ಎಂದುಕೊಂಡಿದ್ದ ಅಣಕ ಸಿನಿಮಾ ಮತ್ತೆ ಉಸಿರಾಡುತ್ತಿದೆ. ಹಾಗಾಗಿ ಅದು ಹಿಂದೆ ಹೇಗೆ ಕೆಟ್ಟಿತು ಎಂದು ತಿಳಿಯಲು ಇದೇ ಸರಿಯಾದ ಹೊತ್ತು.

ಅಣಕ ಸಿನಿಮಾಕ್ಕೆ ಸ್ವಂತದ ಆಸ್ತಿ ಕಡಿಮೆ. ಬೇರೆ ಸಿನಿಮಾಗಳು ನೋಡುಗರ ತಲೆಯಲ್ಲಿ ಬಿಟ್ಟುಹೋದದ್ದನ್ನು ತೆಗೆದು ಅದು ಬದುಕುತ್ತದೆ. ಅದೊಂದು ಕಣಜ ಇದ್ದಹಾಗೆ. ತುಂಬಲು ವರ್ಷಗಳು ಬೇಕು, ಖಾಲಿ ಮಾಡಲು ಒಂದೇ ಊಟ ಸಾಕು. ಮೊದಲ ‘ಸ್ಕೇರಿ ಮೂವಿ’ಗೆ ತುಂಬಿದ ಕಣಜವೇ ಸಿಕ್ಕಿತ್ತು. 1996ರ ‘ಸ್ಕ್ರೀಮ್’, 1997ರ ‘ಐ ನೋ ವಾಟ್ ಯು ಡಿಡ್ ಲಾಸ್ಟ್ ಸಮ್ಮರ್’, 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಮತ್ತು ‘ದಿ ಸಿಕ್ಸ್ತ್ ಸೆನ್ಸ್’. ಹದಿಹರೆಯದವರೆಲ್ಲ ನೋಡಿದ್ದ, ನಿಜಕ್ಕೂ ಹೆದರಿದ್ದ ಸಿನಿಮಾಗಳು ಇವು. ಮನೆಯಲ್ಲಿ ಒಬ್ಬಳೇ ಹುಡುಗಿ, ಫೋನ್ ರಿಂಗಾಗುತ್ತದೆ, ಆ ಕಡೆ ಅಪರಿಚಿತ ದನಿ. ಇಷ್ಟು ತೋರಿಸಿದರೆ ಸಾಕಿತ್ತು, ಥಿಯೇಟರ್‌ನಲ್ಲಿದ್ದ ಪ್ರತಿಯೊಬ್ಬರಿಗೂ ಮುಂದೇನು ಅಂತ ಗೊತ್ತಿತ್ತು. ಆ ಗೊತ್ತಿರುವಿಕೆಯನ್ನೇ ತಿರುಗಿಸಿ ನಗಿಸಿದರು.

ಇನ್ನೊಂದು ಸಂಗತಿಯೂ ಇದೆ. ‘ಸ್ಕ್ರೀಮ್’ ಮತ್ತು ‘ಸ್ಕೇರಿ ಮೂವಿ’ ಎರಡನ್ನೂ ಹೊರತಂದದ್ದು ಒಂದೇ ಸಂಸ್ಥೆ, ಡೈಮೆನ್ಷನ್ ಫಿಲ್ಮ್ಸ್. ‘ಸ್ಕ್ರೀಮ್’ ಚಿತ್ರಕಥೆಗೆ ಮೊದಲು ಇಟ್ಟಿದ್ದ ಹೆಸರೇ ‘ಸ್ಕೇರಿ ಮೂವಿ’. ಅಂದರೆ ತಮ್ಮದೇ ಗೆಲುವನ್ನು, ತಮ್ಮದೇ ಬೀರುವಿನಲ್ಲಿದ್ದ ಹೆಸರಿಟ್ಟು, ತಾವೇ ಅಣಕಿಸಿ ಇನ್ನೊಮ್ಮೆ ದುಡ್ಡು ಮಾಡಿದರು. ಇಂಥ ಲಾಭದ ರುಚಿ ಹತ್ತಿದ ಮೇಲೆ ಮುಂದಿನ ಬೇಸಿಗೆಗೇ ಇನ್ನೊಂದು ಬೇಕು ಅನ್ನಿಸುವುದು ಸಹಜ ಅಲ್ವಾ? ಅವಸರ ಶುರುವಾದದ್ದು ಅಲ್ಲಿಂದ.

ಆದರೆ ಅಷ್ಟರಲ್ಲಿ ಕಣಜದಲ್ಲಿ ಏನಿತ್ತು? ಎರಡನೇ ಭಾಗದ ಕಥೆಯ ಚೌಕಟ್ಟನ್ನು 1999ರ ಎರಡು ಸಿನಿಮಾಗಳಿಂದ ಎತ್ತಿದರು. ಒಂದು ‘ದಿ ಹಾಂಟಿಂಗ್’, ಇನ್ನೊಂದು ‘ಹೌಸ್ ಆನ್ ಹಾಂಟೆಡ್ ಹಿಲ್’. ಪ್ರೊಫೆಸರ್ ಒಬ್ಬ ಪ್ರಯೋಗದ ನೆಪ ಹೇಳಿ ವಿದ್ಯಾರ್ಥಿಗಳನ್ನು ಭೂತದ ಬಂಗಲೆಗೆ ಕರೆದೊಯ್ಯುತ್ತಾನೆ. ಎರಡೂ ಹಳೆಯ ಸಿನಿಮಾಗಳ ರೀಮೇಕ್. 1999ರ ‘ದಿ ಹಾಂಟಿಂಗ್’ ನೋಡಿ ಹೆದರಿದವರಿಗಿಂತ ಬೇಜಾರಾದವರೇ ಜಾಸ್ತಿ. ಅದನ್ನು ಜನ ಆಗಲೇ ಆಡಿಕೊಂಡು ನಕ್ಕಾಗಿತ್ತು.

ನನ್ನ ಪ್ರಕಾರ ಈ ಸಿನಿಮಾ ಕೆಟ್ಟಿದ್ದು ಇಲ್ಲೇ. ಅಶ್ಲೀಲ ಜೋಕ್ ಜಾಸ್ತಿ ಆಯಿತು ಅಂತ ವಿಮರ್ಶಕರು ದೂರಿದರು. ಅಶ್ಲೀಲ ಮೊದಲ ಭಾಗದಲ್ಲೂ ಧಾರಾಳವಾಗಿತ್ತು, ಜನ ಕೈ ಹಿಡಿದರು. ವ್ಯತ್ಯಾಸ ಇದ್ದದ್ದು ಅಣಕಕ್ಕೆ ಆರಿಸಿಕೊಂಡ ಮೂಲದಲ್ಲಿ. ನಂಬಿ, ಹೆದರಿ, ಪ್ರೀತಿಸಿದ ಸಿನಿಮಾವನ್ನು ಅಣಕಿಸಿದರೆ ಮಾತ್ರ ನಗು ಒಳಗಿಂದ ಬರುತ್ತದೆ. ಯಾರೂ ನಂಬದ ಸಿನಿಮಾವನ್ನು ಅಣಕಿಸಿ ಏನು ಪ್ರಯೋಜನ? ಬೀಳಿಸಬೇಕು ಅಂದರೆ ಅದು ಮೊದಲು ಎತ್ತರದಲ್ಲಿರಬೇಕು.

ಇದಕ್ಕೆ ಸಾಕ್ಷಿ ಅದೇ ಸಿನಿಮಾದೊಳಗಿದೆ. ಎಲ್ಲರೂ ಇಂದಿಗೂ ನೆನೆಯುವುದು ಆರಂಭದ ದೃಶ್ಯವನ್ನು, ‘ದಿ ಎಕ್ಸಾರ್ಸಿಸ್ಟ್’ ಅಣಕವನ್ನು. 1973ರ ಆ ಸಿನಿಮಾ 2000ದ ಸೆಪ್ಟೆಂಬರ್‌ನಲ್ಲಿ ಕೆಲವು ಹೊಸ ದೃಶ್ಯಗಳ ಜೊತೆ ಮತ್ತೆ ಥಿಯೇಟರ್‌ಗೆ ಬಂದಿತ್ತು. ಹುಡುಗಿ ಬೆನ್ನು ಕೆಳಗಾಗಿ ಜೇಡದಂತೆ ಮೆಟ್ಟಿಲಿಳಿಯುವ ದೃಶ್ಯ ಆಗಲೇ ಸೇರಿದ್ದು. ಹೊಸ ತಲೆಮಾರು ಅದನ್ನು ನೋಡಿ ನಡುಗಿತ್ತು. ಹಾಗಾಗಿ ನೆನಪು ಬಿಸಿಬಿಸಿಯಾಗಿತ್ತು.

ಆ ದೃಶ್ಯವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಮನೆಯಲ್ಲಿ ಪಾರ್ಟಿ. ತಾಯಿ, ಗಣ್ಯರಂತೆ ಕಾಣುವ ಅತಿಥಿಗಳು ಪಿಯಾನೋ ಬಳಿ ಸೇರಿದ್ದಾರೆ. ಮೂಲದಲ್ಲೂ ಪಿಯಾನೋ ಸುತ್ತ ಹಾಡುವ ಪಾರ್ಟಿ ಇದೆ. ಇಲ್ಲಿ ಅವರೆಲ್ಲ ಸೇರಿ ಹಾಡುವುದು ಒಂದು ಪೋಲಿ ರ‍್ಯಾಪ್ ಹಾಡು, ಅದೂ ಪೂರಾ ಗಾಂಭೀರ್ಯದಿಂದ. ಹುಡುಗಿ ಕೆಳಗಿಳಿದು ಬಂದು ಕಾರ್ಪೆಟ್ ಒದ್ದೆ ಮಾಡುತ್ತಾಳೆ. ಆಮೇಲೆ ಪಾದ್ರಿ ಬರುತ್ತಾನೆ. ಮಂಜು, ಬೀದಿದೀಪ, ಕೈಯಲ್ಲಿ ಚೀಲ, ಮೂಲದ ಪೋಸ್ಟರ್‌ನಲ್ಲಿದ್ದ ಅದೇ ಚಿತ್ರ. ಕ್ಯಾಮೆರಾ ಎಲ್ಲೂ ಕಣ್ಣು ಮಿಟುಕಿಸುವುದಿಲ್ಲ. ಬೆಳಕು, ಕೋನ, ನಡಿಗೆ ಎಲ್ಲ ಮೂಲದ್ದೇ. ಆದ್ದರಿಂದಲೇ ಪಾದ್ರಿ ಮಾಡುವ ಅಪದ್ಧಗಳು ಅಷ್ಟು ನಗು ತರಿಸುತ್ತವೆ. ದೆವ್ವ ಹಿಡಿದ ಹುಡುಗಿ ವಾಂತಿ ಮಾಡಿದರೆ ಪಾದ್ರಿಗಳ ಹೊಟ್ಟೆಯೂ ತೊಳೆಸುತ್ತದೆ. ಕೊನೆಗೆ ಮಂತ್ರವೂ ಬೇಡ, ತೀರ್ಥವೂ ಬೇಡ ಅಂತ ಪಾದ್ರಿ ಪಿಸ್ತೂಲು ತೆಗೆಯುತ್ತಾನೆ.

ಆ ಪಾದ್ರಿಯ ಪಾತ್ರಕ್ಕೆ ಮೊದಲು ಒಪ್ಪಿದ್ದವರು ಮರ್ಲಾನ್ ಬ್ರಾಂಡೋ. ಆರೋಗ್ಯ ಕೆಟ್ಟು ಅವರು ಹಿಂದೆ ಸರಿದರು. ಜೇಮ್ಸ್ ವುಡ್ಸ್ ಬಂದರು. ಬಿಡುಗಡೆಗೆ ಕೆಲವೇ ತಿಂಗಳಿರುವಾಗ ಇಂಥ ಬದಲಾವಣೆ ನಡೆಯುತ್ತಿತ್ತು ಎಂದರೆ ಕೆಲಸ ಎಷ್ಟು ಕುತ್ತಿಗೆಗೆ ಬಂದಿತ್ತು ಅಂತ ಊಹಿಸಬಹುದು.

ಆ ಹತ್ತು ನಿಮಿಷ ಮುಗಿದ ಮೇಲೆ ಸಿನಿಮಾ ದಿಕ್ಕು ತಪ್ಪುತ್ತದೆ. ‘ಹಾಲೋ ಮ್ಯಾನ್’ ಸ್ವಲ್ಪ, ‘ಹ್ಯಾನಿಬಲ್’ ಸ್ವಲ್ಪ, ‘ಚಾರ್ಲೀಸ್ ಏಂಜಲ್ಸ್’ ಸ್ವಲ್ಪ, ‘ಮಿಷನ್ ಇಂಪಾಸಿಬಲ್ 2’ ಸ್ವಲ್ಪ. ನೈಕಿ ಕಂಪನಿಯ ಬ್ಯಾಸ್ಕೆಟ್‌ಬಾಲ್ ಜಾಹೀರಾತೊಂದರ ಅಣಕವೂ ಇದೆ. ಹಿಂದಿನ ಒಂದೆರಡು ವರ್ಷದಲ್ಲಿ ಬಂದದ್ದನ್ನೆಲ್ಲ ಬಾಚಿಕೊಂಡಿದ್ದಾರೆ. ಚಿತ್ರಕಥೆಗೆ ಏಳು ಜನರ ಹೆಸರಿದೆ. ಏಳು ಕೈ ಸೇರಿದರೂ ಎರಡು ದೃಶ್ಯಗಳ ನಡುವೆ ದಾರ ಇಲ್ಲ. ಮೊದಲ ಭಾಗದಲ್ಲಿ ಸತ್ತಿದ್ದ ಪಾತ್ರಗಳು ಹೇಗೆ ಎದ್ದು ಬಂದವು ಅನ್ನುವುದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿಲ್ಲ. ಅಣಕ ಸಿನಿಮಾದಲ್ಲಿ ಅದು ತಪ್ಪಲ್ಲ. ಆದರೆ ಅದನ್ನೇ ಒಂದು ಒಳ್ಳೆಯ ಜೋಕ್ ಮಾಡಬಹುದಿತ್ತು, ಮಾಡಲಿಲ್ಲ.

ಹಾಗಂತ ಎಲ್ಲವೂ ವ್ಯರ್ಥ ಅಲ್ಲ. ಆನಾ ಫ್ಯಾರಿಸ್ ಅವರ ಸಿಂಡಿ ಬೆಕ್ಕಿನ ಜೊತೆ ಮುಷ್ಟಿಯುದ್ಧಕ್ಕೆ ಇಳಿಯುವಾಗ ಅವರ ಮುಖದಲ್ಲಿ ಒಂದಿಷ್ಟೂ ತಮಾಷೆ ಇಲ್ಲ. ಪ್ರಾಣಕ್ಕೇ ಕುತ್ತು ಬಂದವಳ ಹಾಗೆ ಹೊಡೆದಾಡುತ್ತಾರೆ. ಅಣಕದ ನಟನೆಯ ಗುಟ್ಟೇ ಅದು. ರೆಜಿನಾ ಹಾಲ್ ಅವರ ಬ್ರೆಂಡಾ ಒಂದು ನೋಟದಲ್ಲೇ ದೃಶ್ಯ ಎತ್ತಿಬಿಡುತ್ತಾರೆ. ಬಂಗಲೆಯ ಕಾವಲುಗಾರ ಹ್ಯಾನ್ಸನ್ ಆಗಿ ಕ್ರಿಸ್ ಎಲಿಯಟ್ ಇದ್ದಾರೆ. ಅವನ ಒಂದು ಕೈ ಸಣ್ಣದು, ಸೊಟ್ಟ. ಊಟದ ಮೇಜಿನಲ್ಲಿ ಅದೇ ಕೈಯನ್ನು ಅಡುಗೆಗೆ ಅದ್ದಿ ಎಲ್ಲರಿಗೂ ಬಡಿಸುತ್ತಾನೆ. ಮುಂದೆ ಅಪಾಯದಲ್ಲಿರುವವರಿಗೆ ‘ನನ್ನ ಗಟ್ಟಿ ಕೈ ಹಿಡಿ’ ಅಂತ ಅದೇ ಕೈ ಚಾಚುತ್ತಾನೆ. ಇಂದಿಗೂ ಮೀಮ್‌ಗಳಲ್ಲಿ ಓಡಾಡುತ್ತಿರುವುದು ಈ ಮಾತೇ. ಆದರೆ ಇದನ್ನು ಬರೆಯುವಾಗ ನನಗೆ ಕಸಿವಿಸಿ ಆಗುತ್ತದೆ. ಇಲ್ಲಿ ನಗು ಹುಟ್ಟುವುದು ಒಬ್ಬನ ದೇಹದ ಕೊರತೆಯಿಂದ. ಗಾಲಿಕುರ್ಚಿಯಲ್ಲಿರುವ ಡ್ವೈಟ್ ಪಾತ್ರದ ಕಥೆಯೂ ಅದೇ. ಸಿನಿಮಾಗಳನ್ನು ಅಣಕಿಸಲು ಸರಕು ಮುಗಿದಾಗ ಮನುಷ್ಯರನ್ನೇ ಅಣಕಿಸಲು ಶುರು ಮಾಡಿದರು. ಇದು ನಗಿಸಿದರೂ ಬಡತನವೇ.

ಈಗ ಡಿವಿಡಿ ವಿಷಯ. ಜುಲೈನಲ್ಲಿ ಥಿಯೇಟರ್‌ಗೆ ಬಂದ ಸಿನಿಮಾ ಅದೇ ವರ್ಷದ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ಉಡುಗೊರೆಯ ಸೀಸನ್‌ಗೆ ಸರಿಯಾಗಿ, ಅಮೆರಿಕದ ಅಂಗಡಿಗಳಿಗೆ ಬಂತು. ಹಂಚಿದ್ದು ಬ್ಯೂನ ವಿಸ್ತಾ ಹೋಮ್ ಎಂಟರ್‌ಟೈನ್‌ಮೆಂಟ್, ಅಂದರೆ ಡಿಸ್ನಿಯ ಕೈ. ಡೈಮೆನ್ಷನ್‌ನ ತಾಯಿ ಸಂಸ್ಥೆ ಮಿರಾಮ್ಯಾಕ್ಸ್ ಆಗ ಡಿಸ್ನಿಯ ಒಡೆತನದಲ್ಲಿತ್ತು. ಮಕ್ಕಳ ಸಿನಿಮಾ ತಲುಪಿಸುತ್ತಿದ್ದ ಅದೇ ಜಾಲ ಇದನ್ನೂ ತಲುಪಿಸಿತು.

ಆ ಕಾಲದ ಲೆಕ್ಕಾಚಾರ ಅರ್ಥವಾಗದೆ ಈ ಅವಸರ ಅರ್ಥವಾಗುವುದಿಲ್ಲ. ವಿಎಚ್‌ಎಸ್ ಕಾಲದಲ್ಲಿ ಬಹುತೇಕ ಹೊಸ ಸಿನಿಮಾಗಳ ಕ್ಯಾಸೆಟ್ ಬೆಲೆ ನೂರು ಡಾಲರ್ ಆಸುಪಾಸು. ಬಾಡಿಗೆ ಅಂಗಡಿಗಳು ಕೊಳ್ಳುತ್ತಿದ್ದವು, ಜನ ಬಾಡಿಗೆಗೆ ತರುತ್ತಿದ್ದರು. 1997ರಲ್ಲಿ ಅಮೆರಿಕದಲ್ಲಿ ಡಿವಿಡಿ ಶುರುವಾದ ಮೇಲೆ ಬೆಲೆ ಇಪ್ಪತ್ತು ಡಾಲರ್ ಆಸುಪಾಸಿಗೆ ಇಳಿಯಿತು. ಜನ ಬಾಡಿಗೆ ಬಿಟ್ಟು ಕೊಳ್ಳಲು ಶುರು ಮಾಡಿದರು. ಸ್ಟುಡಿಯೋಗಳಿಗೆ ಪ್ರತಿ ಸಿನಿಮಾಕ್ಕೂ ಎರಡನೇ ಬಿಡುಗಡೆ ಸಿಕ್ಕಂತಾಯಿತು. ನಟ ಮ್ಯಾಟ್ ಡೇಮನ್ 2021ರ ಸಂದರ್ಶನವೊಂದರಲ್ಲಿ ಇದನ್ನು ಸರಳವಾಗಿ ವಿವರಿಸಿದ್ದರು. ಥಿಯೇಟರ್‌ನಲ್ಲೇ ಪೂರ್ತಿ ದುಡ್ಡು ಬರಬೇಕೆಂಬ ಒತ್ತಡ ಆಗ ಇರಲಿಲ್ಲ, ಆರು ತಿಂಗಳಿಗೆ ಡಿವಿಡಿಯಿಂದ ಉಳಿದದ್ದು ಬರುತ್ತಿತ್ತು ಎಂಬುದು ಅವರ ಮಾತಿನ ಸಾರ.

ಡೇಮನ್ ಈ ಮಾತನ್ನು ಹೇಳಿದ್ದು ಮಧ್ಯಮ ಗಾತ್ರದ ಒಳ್ಳೆಯ ಸಿನಿಮಾಗಳು ಯಾಕೆ ಕಾಣೆಯಾದವು ಅಂತ ವಿವರಿಸಲು. ಆದರೆ ಆ ದಿಂಬು ಒಳ್ಳೆಯ ಸಿನಿಮಾಕ್ಕೂ ಇತ್ತು, ಅವಸರದ ಸಿನಿಮಾಕ್ಕೂ ಇತ್ತು. ‘ಸ್ಕೇರಿ ಮೂವಿ 2’ ಥಿಯೇಟರ್‌ನಲ್ಲಿ ಅರ್ಧಕ್ಕೆ ಇಳಿದರೂ ಸರಣಿ ನಿಲ್ಲಲಿಲ್ಲ. ಹೆಸರು ಗೊತ್ತಿದ್ದರೆ ಸಾಕು, ಡಿಸ್ಕ್ ಮಾರಾಟವಾಗುತ್ತಿತ್ತು. ಕೆಟ್ಟ ಸಿನಿಮಾಕ್ಕೆ ಆಗಬೇಕಾದ ಶಿಕ್ಷೆ ಪೂರ್ತಿ ಆಗುತ್ತಿರಲಿಲ್ಲ.

ಡಿಸ್ಕ್‌ನೊಳಗೆ ಏನಿತ್ತು ಅನ್ನುವುದು ಇನ್ನೂ ಸ್ವಾರಸ್ಯ. ಕತ್ತರಿಸಿದ ದೃಶ್ಯಗಳ ದೊಡ್ಡ ಗಂಟು, ಬೇರೆ ಬೇರೆ ಅಂತ್ಯಗಳು. ಡಿವಿಡಿ ಹೊದಿಕೆಯ ಮೇಲೆ ಇಂಥವನ್ನು ಬೋನಸ್ ಅಂತ ಹಾಕುತ್ತಾರೆ. ನನಗೆ ಅವು ಆ ಸಿನಿಮಾ ಹೇಗೆ ತಯಾರಾಯಿತು ಎಂಬುದರ ದಾಖಲೆಯಂತೆ ಕಾಣುತ್ತವೆ. ಒಂದಾದ ಮೇಲೊಂದು ನೋಡುತ್ತಾ ಹೋಗಿ. ಇದನ್ನು ಯಾಕೆ ತೆಗೆದರು, ಇದಕ್ಕಿಂತ ಕೆಟ್ಟದ್ದನ್ನು ಯಾಕೆ ಉಳಿಸಿಕೊಂಡರು ಅಂತ ಮತ್ತೆ ಮತ್ತೆ ಅನ್ನಿಸುತ್ತದೆ. ಕಥೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಿರುವ ಸಿನಿಮಾಕ್ಕೆ ಇಷ್ಟೊಂದು ಅಂತ್ಯ ಬೇಕಾಗುವುದಿಲ್ಲ. ಸಂಕಲನದ ಮೇಜಿನ ಮೇಲೆ ಸಿನಿಮಾವನ್ನು ಹುಡುಕಿದ್ದಾರೆ, ಸಿಗುವ ಮೊದಲೇ ಬಿಡುಗಡೆಯ ದಿನ ಬಂದಿದೆ.

ಆದರೂ ಈ ಸಿನಿಮಾಕ್ಕೆ ಅಭಿಮಾನಿಗಳು ಹುಟ್ಟಿದ್ದು ಮನೆಯಲ್ಲೇ. ಇದು ವಿರೋಧಾಭಾಸ ಅಲ್ಲ. ತುಂಡುತುಂಡಾದ ಸಿನಿಮಾವನ್ನು ಥಿಯೇಟರ್‌ನಲ್ಲಿ ಒಂದೂವರೆ ಗಂಟೆ ಕೂತು ನೋಡುವುದು ಕಷ್ಟ. ಮನೆಯಲ್ಲಿ ಹಾಗಲ್ಲ. ಬೇಜಾರಾದರೆ ಓಡಿಸಬಹುದು, ಬೆಕ್ಕಿನ ಜಗಳವನ್ನು ನಾಲ್ಕು ಸಲ ಹಾಕಬಹುದು, ಗೆಳೆಯ ಬಂದರೆ ಪಾದ್ರಿಯ ದೃಶ್ಯ ಮಾತ್ರ ತೋರಿಸಬಹುದು. ಡಿವಿಡಿಯ ದೃಶ್ಯಗಳ ಪಟ್ಟಿ ಇಂಥ ಸಿನಿಮಾಕ್ಕೆ ಹೇಳಿ ಮಾಡಿಸಿದ್ದು. ನಮ್ಮಲ್ಲಿ ಆಗ ಜಾಸ್ತಿ ಓಡುತ್ತಿದ್ದುದು ವಿಸಿಡಿ. ಒಂದು ಸಿನಿಮಾ ಎರಡು ಡಿಸ್ಕ್‌ನಲ್ಲಿ, ಮಧ್ಯೆ ಎದ್ದು ಹೋಗಿ ಬದಲಿಸಬೇಕು. ಕತ್ತರಿಸಿದ ದೃಶ್ಯ, ಬೇರೆ ಅಂತ್ಯ ಇದ್ಯಾವುದೂ ಅದರಲ್ಲಿ ಇರುತ್ತಿರಲಿಲ್ಲ. ಹಾಗಾಗಿ ಇಲ್ಲಿಯ ಬಹಳಷ್ಟು ಜನ ನೋಡಿದ್ದು ಬರೀ ಸಿನಿಮಾವನ್ನು.

ಮುಂದೆ ಆದದ್ದು ಗಮನಿಸಬೇಕಾದದ್ದು. ವೇಯನ್ಸ್ ಸಹೋದರರು ಮತ್ತು ಸಂಸ್ಥೆಯ ನಡುವೆ ಹೊಂದಾಣಿಕೆ ಆಗಲಿಲ್ಲ, ಅವರು ಹೊರಗಾದರು. ಮೂರನೇ ಭಾಗ ಹೋದದ್ದು ಡೇವಿಡ್ ಝುಕರ್ ಕೈಗೆ. 1980ರ ಅಣಕ ಸಿನಿಮಾ ‘ಏರ್‌ಪ್ಲೇನ್!’ ಮಾಡಿದ ಮೂವರಲ್ಲಿ ಒಬ್ಬರು ಅವರು. ಆ ಸಿನಿಮಾಕ್ಕಾಗಿ ಅವರು 1957ರ ‘ಝೀರೋ ಅವರ್!’ ಎಂಬ ಗಂಭೀರ ಸಿನಿಮಾದ ಹಕ್ಕನ್ನೇ ಕೊಂಡು, ಕಥೆಯನ್ನು ಹೆಚ್ಚು ಕಡಿಮೆ ಹಾಗೇ ಇಟ್ಟುಕೊಂಡಿದ್ದರು. ಇನ್ನೂ ಹಿಂದೆ, 1974ರ ‘ಯಂಗ್ ಫ್ರಾಂಕನ್‌ಸ್ಟೈನ್’ಗಾಗಿ ಮೆಲ್ ಬ್ರೂಕ್ಸ್ 1931ರ ಮೂಲ ಸಿನಿಮಾದಲ್ಲಿ ಬಳಸಿದ್ದ ಪ್ರಯೋಗಾಲಯದ ಉಪಕರಣಗಳನ್ನೇ ಹುಡುಕಿ ತಂದಿದ್ದರು. ಅಣಕ ಮಾಡುವವರಿಗೆ ಮೂಲದ ಮೇಲೆ ಎಷ್ಟು ಗೌರವ ಇರಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಝುಕರ್ ಎರಡು ವರ್ಷ ತಡವಾಗಿ, 2003ರಲ್ಲಿ ಬಂದರು. ‘ದಿ ರಿಂಗ್’ ಮತ್ತು ‘ಸೈನ್ಸ್’ (Signs) ಎಂಬ 2002ರ ಎರಡು ದೊಡ್ಡ ಸಿನಿಮಾಗಳನ್ನು ಬೆನ್ನೆಲುಬು ಮಾಡಿಕೊಂಡರು. ಎರಡನ್ನೂ ಜನ ನಿಜವಾಗಿ ಹೆದರಿ ನೋಡಿದ್ದರು. ಗಳಿಕೆ ಮತ್ತೆ 22 ಕೋಟಿ ಡಾಲರ್‌ಗೆ ಏರಿತು. ಪೋಲಿತನ ಕಡಿಮೆ ಮಾಡಿ ಹದಿಹರೆಯದವರನ್ನು ಒಳಗೆ ಬಿಟ್ಟದ್ದೂ ಇದಕ್ಕೆ ಕಾರಣ, ಒಪ್ಪುತ್ತೇನೆ. ಆದರೆ ಮೂಲದ ಆಯ್ಕೆ ದೊಡ್ಡ ಕಾರಣ.

ಅವಸರದ ದಾರಿ ಹಿಡಿದವರೂ ಇದ್ದರು. 2008ರ ‘ಡಿಸಾಸ್ಟರ್ ಮೂವಿ’ ಅದೇ ಬೇಸಿಗೆಯಲ್ಲಿ ಬಂದಿದ್ದ ‘ಐರನ್ ಮ್ಯಾನ್’, ‘ಹ್ಯಾನ್‌ಕಾಕ್’ ಪಾತ್ರಗಳನ್ನು ಸುಮ್ನೆ ತಂದು ನಿಲ್ಲಿಸಿತು. ಗುರುತು ಸಿಕ್ಕರೆ ಸಾಕು, ನಗು ಬರುತ್ತದೆ ಎಂಬ ನಂಬಿಕೆ. ಬರಲಿಲ್ಲ.

ವೇಯನ್ಸ್ ಬಳಗದಲ್ಲೇ ಇದೇ ಪಾಠ ಇನ್ನೊಮ್ಮೆ ನಡೆಯಿತು. 2013ರ ಜನವರಿಯಲ್ಲಿ ಮರ್ಲಾನ್ ವೇಯನ್ಸ್ ‘ಎ ಹಾಂಟೆಡ್ ಹೌಸ್’ ತಂದರು. ಬರೀ 25 ಲಕ್ಷ ಡಾಲರ್‌ನ ಸಿನಿಮಾ. ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ಸರಣಿ ನೋಡಿ ನಿದ್ದೆಗೆಟ್ಟವರೆಲ್ಲ ಬಂದರು, ಸುಮಾರು 6 ಕೋಟಿ ಡಾಲರ್ ಬಂತು. 2014ರ ಏಪ್ರಿಲ್‌ನಲ್ಲೇ ಎರಡನೇ ಭಾಗ. ನಡುವೆ ಬಂದಿದ್ದ ದೊಡ್ಡ ಹಾರರ್ ಎಂದರೆ ‘ದಿ ಕಾಂಜ್ಯೂರಿಂಗ್’. ಅದರ ಗೊಂಬೆಯನ್ನು ಎತ್ತಿಕೊಂಡು ಮರ್ಲಾನ್ ಮೈಮುರಿದು ನಟಿಸಿದರು. ಸತ್ತ ನಾಯಿಗಾಗಿ ಅತ್ತೂ ಅತ್ತೂ ಒಂದು ದೃಶ್ಯವನ್ನು ತಮ್ಮೊಬ್ಬರ ದೇಹಬಲದಿಂದಲೇ ಎಳೆದರು. ಅವರ ಶ್ರಮ ಕಾಣುತ್ತದೆ, ಸಿನಿಮಾ ಮಾತ್ರ ನಿಲ್ಲುವುದಿಲ್ಲ. ಅಮೆರಿಕದ ಥಿಯೇಟರ್ ಗಳಿಕೆ ಮೊದಲನೆಯದರ ಅರ್ಧವನ್ನೂ ಮುಟ್ಟಲಿಲ್ಲ.

ನಾಲ್ಕು ತಿಂಗಳೊಳಗೆ, ಆಗಸ್ಟ್‌ನಲ್ಲಿ, ಅದು ಡಿಸ್ಕ್‌ಗೆ ಬಂತು. ಆದರೆ ಕಾಲ 2001 ಆಗಿರಲಿಲ್ಲ. ಬಾಡಿಗೆ ಅಂಗಡಿಗಳ ದೊರೆ ಬ್ಲಾಕ್‌ಬಸ್ಟರ್ 2010ರಲ್ಲೇ ದಿವಾಳಿ ಅರ್ಜಿ ಹಾಕಿತ್ತು. ನೆಟ್‌ಫ್ಲಿಕ್ಸ್ ಮನೆಮನೆಗೆ ಹರಿಯುತ್ತಿತ್ತು. ಇಪ್ಪತ್ತು ಡಾಲರ್ ಕೊಟ್ಟು ಸಾಧಾರಣ ಸಿನಿಮಾದ ಡಿಸ್ಕ್ ಕೊಳ್ಳುವ ಅಭ್ಯಾಸ ಬಿಟ್ಟುಹೋಗುತ್ತಿತ್ತು. ಬಂಡವಾಳವೇ ಸಣ್ಣದಿದ್ದರಿಂದ ಆ ಸಿನಿಮಾ ಮುಳುಗಲಿಲ್ಲ. ಅದೇ ಹೊತ್ತಿಗೆ ‘ಸ್ಕೇರಿ ಮೂವಿ 5’ ಕೂಡ 2013ರಲ್ಲಿ ಬಂದು, ಸರಣಿಯಲ್ಲೇ ಅತಿ ಕಡಿಮೆ ಗಳಿಸಿ ಹೋಗಿತ್ತು. ಅಣಕ ಸಿನಿಮಾಗಳು ದೊಡ್ಡ ಪರದೆಯಿಂದ ಮರೆಯಾದದ್ದು ಇದಾದ ಮೇಲೆ. ಡಿಸ್ಕ್ ಮಾರುಕಟ್ಟೆ ಬಿದ್ದದ್ದಕ್ಕೂ ಇದಕ್ಕೂ ಸಂಬಂಧ ಇದೆ ಎಂದೇ ನನ್ನ ಅಂದಾಜು.

ಈಗ ನೋಡಿ. 2013ರಿಂದ ಈಚೆಗೆ ಹಾರರ್ ಸಿನಿಮಾಕ್ಕೆ ಸುಗ್ಗಿ. ‘ಗೆಟ್ ಔಟ್’, ‘ಹೆರೆಡಿಟರಿ’, ‘ಎ ಕ್ವೈಟ್ ಪ್ಲೇಸ್’, ‘ಸ್ಮೈಲ್’, ‘ಮೇಗನ್’, ‘ಲಾಂಗ್‌ಲೆಗ್ಸ್’, ‘ದಿ ಸಬ್‌ಸ್ಟೆನ್ಸ್’. ಜನ ನಂಬಿ ಹೆದರಿದ, ವಾದ ಮಾಡಿದ, ಗಂಭೀರವಾಗಿ ತೆಗೆದುಕೊಂಡ ಸಿನಿಮಾಗಳು. ಹಾರರ್‌ಗೆ ಇಷ್ಟು ಮರ್ಯಾದೆ ಹಿಂದೆ ಯಾವಾಗಲೂ ಇರಲಿಲ್ಲ. ಅಣಕಿಸುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ಹದಿಮೂರು ವರ್ಷ ತುಂಬಿದ ಕಣಜದ ಮುಂದೆ ವೇಯನ್ಸ್ ಸಹೋದರರು ನಿಂತಿದ್ದಾರೆ. ಅವರಿಗೆ ಪ್ರತಿಭೆ ಇದೆ, ಈ ಸಲ ಸರಕೂ ಇದೆ. ಹೊಸ ಸಿನಿಮಾದ ಬಗ್ಗೆ ನನಗೆ ಭರವಸೆ ಇರುವುದು ಇದೇ ಕಾರಣಕ್ಕೆ.

ನನಗೆ ಆತಂಕ ಇರುವುದು ಅದರ ಮುಂದಿನದರ ಬಗ್ಗೆ. ಹೊಸದು ಗೆದ್ದರೆ ಸ್ಟುಡಿಯೋ ತಕ್ಷಣ ಇನ್ನೊಂದು ಕೇಳುತ್ತದೆ. ಬೀಳುವ ಸಿನಿಮಾವನ್ನು ಹಿಡಿಯಲು ಈಗ ಡಿವಿಡಿ ಇಲ್ಲ. ಅದರ ಜಾಗದಲ್ಲಿ ಇರುವುದು ಮೊಬೈಲ್‌ನಲ್ಲಿ ಓಡಾಡುವ ಅರ್ಧ ನಿಮಿಷದ ತುಣುಕುಗಳು. ಅವು ಹೆಸರು ತರುತ್ತವೆ, ಇಪ್ಪತ್ತು ಡಾಲರ್ ತರುವುದಿಲ್ಲ. ಹಾಗಾಗಿ ಮುಂದಿನ ಭಾಗದ ಬಿಡುಗಡೆ ದಿನವನ್ನು ಚಿತ್ರಕಥೆ ಬರೆಯುವ ಮೊದಲೇ ಘೋಷಿಸಿದರೆ, ಅದೂ ಬರೋಬ್ಬರಿ ಒಂದು ವರ್ಷದ ಗಡುವಿಟ್ಟು ಘೋಷಿಸಿದರೆ, ಟಿಕೆಟ್ ಕೊಳ್ಳುವ ಮೊದಲು ನಾನು ವಿಮರ್ಶೆಗಳಿಗಾಗಿ ಕಾಯುತ್ತೇನೆ.